ಗೊರಸಿನ ಗೆರೆಗಳು

ಕುದುರೆಯ ಮುಂಗಾಲನ್ನು ಮುಂದಕ್ಕೆಳೆದು ನನ್ನ ಮೊಣಕಾಲ ಮೇಲೆ ಇಟ್ಟುಕೊಂಡರೆ ಗೊರಸು ಕಣ್ಣಿಗೆ ಒಂದು ಗೇಣು ದೂರದಲ್ಲಿರುತ್ತದೆ. ಮಣ್ಣು ಒರೆಸಿ, ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಿಂದ ಕೆಳಕ್ಕೆ ಹೆಬ್ಬೆರಳನ್ನು ಮೆಲ್ಲಗೆ ಎಳೆದರೆ ಗೆರೆಗಳು ಸಿಗುತ್ತವೆ. ಗೊರಸು ತಿಂಗಳಿಗೆ ಹೆಚ್ಚುಕಮ್ಮಿ ಒಂಬತ್ತು ಮಿಲಿಮೀಟರ್ ಬೆಳೆಯುತ್ತದೆ. ಮೇಲೆ ಹುಟ್ಟಿದ್ದು ಮುಂಭಾಗದಲ್ಲಿ ನೆಲ ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಜ್ವರ ಬಂದಿದ್ದು, ಮೇವು ತಟ್ಟನೆ ಬದಲಾಗಿದ್ದು, ದಿನಗಟ್ಟಲೆ ನೋವು ತಿಂದಿದ್ದು, ಎಲ್ಲವೂ ಅಲ್ಲಿ ಒಂದೊಂದು ಏಣಾಗಿ ನಿಂತಿರುತ್ತದೆ.

ಒಮ್ಮೆ ಒಂದು ಹೊಸ ಕುದುರೆಯ ಕಾಲು ಹಿಡಿದಿದ್ದೆ. "ಇದಕ್ಕೆ ಒಂದು ದಿನವೂ ಕಾಯಿಲೆ ಅಂತ ಬಂದಿಲ್ಲ" ಎಂದು ಅದನ್ನು ತಂದವರು ಹೇಳುತ್ತಿದ್ದರು. ನನ್ನ ಹೆಬ್ಬೆರಳು ಕೂದಲಂಚಿನಿಂದ ಮೂರು ಸೆಂಟಿಮೀಟರ್ ಕೆಳಗೆ ಒಂದು ದಪ್ಪ ಏಣಿನ ಮೇಲೆ ನಿಂತಿತ್ತು. ಮೂರು, ಮೂರೂವರೆ ತಿಂಗಳ ಹಿಂದಿನದು. ಅವರು ಅತ್ತ ಹೋದ ಮೇಲೆ, ಕುದುರೆ ನೋಡಿಕೊಳ್ಳುವ ಸೈಸ್ ಹುಡುಗ ಬಗ್ಗಿ ಮೆಲ್ಲಗೆ ಹೇಳಿದ: "ಹೌದಣ್ಣ, ಆಗ ಎಂಟು ದಿನ ಮೇವೇ ಮುಟ್ಟಿರ್ಲಿಲ್ಲ."

ನಾನು ಲಾಳ ಹೊಡೆಯುವವನು. ಇಪ್ಪತ್ತೇಳು ವರ್ಷದಿಂದ ಮೈಸೂರಿನಲ್ಲಿ ಇದೇ ಕೆಲಸ. ರೇಸಿನ ಕುದುರೆಗಳು, ಸವಾರಿ ಕಲಿಸುವ ಶಾಲೆಗಳ ಕುದುರೆಗಳು, ಅರಮನೆ ಸುತ್ತ ಓಡಾಡುವ ಟಾಂಗಾ ಕುದುರೆಗಳು, ಎಲ್ಲದರ ಕಾಲೂ ನನ್ನ ತೊಡೆಯ ಮೇಲೆ ಬಂದಿವೆ. ಚಾಮುಂಡಿ ಬೆಟ್ಟದ ಬುಡದ ಈ ರೇಸ್ ಕೋರ್ಸಿಗೆ ದೊಡ್ಡ ಚರಿತ್ರೆ ಇದೆ. ಮೈಸೂರು ರೇಸ್ ಕ್ಲಬ್ ಶುರುವಾಗಿದ್ದು 1891ರಲ್ಲಿ. ಮಳೆಗಾಲದಲ್ಲಿ ಸೀಸನ್ ಶುರುವಾಗಿ ದಸರಾ ಹೊತ್ತಿಗೆ ಊರೆಲ್ಲ ಅದೇ ಮಾತಾಗುತ್ತದೆ. ಆಗ ನೆಂಟರು, ಗೆಳೆಯರು ಕೇಳುವ ಪ್ರಶ್ನೆ ಒಂದೇ: "ಕುದುರೆ ಓಡಿಸೋದು ಸರಿನಾ? ಅದು ಹಿಂಸೆ ಅಲ್ವಾ?" ಬಹಳ ವರ್ಷ ನಾನು ಉತ್ತರ ಹೇಳದೆ ತಪ್ಪಿಸಿಕೊಂಡೆ. ನನ್ನ ಅನ್ನ ಅದರಲ್ಲಿದೆ. ಈಗ ನನ್ನ ಕೈಗೆ ಗೊತ್ತಿರುವಷ್ಟನ್ನು ಬರೆದುಬಿಡುತ್ತೇನೆ.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಅಪ್ಪ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಎತ್ತಿನ ಗೊರಸು ಸೀಳು, ಹಾಗಾಗಿ ಒಂದು ಕಾಲಿಗೆ ಎರಡು ತಗಡು, ಒಂದು ಎತ್ತಿಗೆ ಎಂಟು. ಹಗ್ಗ ಹಾಕಿ ಎತ್ತನ್ನು ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಕವೆಗೋಲಿನ ಮೇಲೆ ಏರಿಸಿ ಹೊಡೆಯುತ್ತಿದ್ದರು. ಕಬ್ಬಿನ ಕಾಲದಲ್ಲಿ ಮೈಷುಗರ್ ಕಾರ್ಖಾನೆಗೆ ಹೋಗುವ ಗಾಡಿಗಳ ಸಾಲು ರಸ್ತೆ ತುಂಬ ನಿಂತಾಗ ಅಪ್ಪನಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ಕುಂಟುವ ಎತ್ತು ಬಂದರೆ ಅಪ್ಪ ಹಗ್ಗ ಮುಟ್ಟುತ್ತಿರಲಿಲ್ಲ. ಗಾಡಿಯವನು ಕೈ ಮುಗಿದರೂ ಅಷ್ಟೇ, ಬೈದರೂ ಅಷ್ಟೇ. ಒಂದು ಸಲ ನನ್ನ ಕಡೆ ತಿರುಗಿ ಹೇಳಿದ್ದರು: "ಕುಂಟೋ ಎತ್ತಿಗೆ ಲಾಳ ಕಟ್ಟುದ್ರೆ ಕುಂಟು ಹೋಗಲ್ಲ ಕಣ್ಲಾ, ಮುಚ್ಕತದೆ ಅಷ್ಟೆ."

ಆ ಮಾತು ಆಗ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಟ್ರಾಕ್ಟರ್ ಬಂದು ಎತ್ತುಗಳು ಕಮ್ಮಿಯಾದ ಮೇಲೆ ನಾನು ಮೈಸೂರಿಗೆ ಬಂದು ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಕುದುರೆಯನ್ನು ಯಾರೂ ಕೆಡವುವುದಿಲ್ಲ; ಅದು ತಾನಾಗಿ ಕಾಲು ಕೊಡಬೇಕು. ಮೊದಲ ಆರು ತಿಂಗಳು ಉಸ್ತಾದರು ನನ್ನ ಕೈಗೆ ಸುತ್ತಿಗೆ ಕೊಡಲಿಲ್ಲ. ಕಾಲು ಎತ್ತು, ಹಿಡಿ, ಮೆಲ್ಲಗೆ ಇಳಿಸು, ಇಷ್ಟೇ ಪಾಠ. ಆಮೇಲೆ ಕಿವಿಯ ಪಾಠ. ಗೊರಸಿನ ಹೊರಗೋಡೆಗೆ ನೋವಿಲ್ಲ, ನಮ್ಮ ಉಗುರಿನ ಹಾಗೆ. ಒಳಗೆ ಒಂದು ಬಿಳಿ ಗೆರೆ ಇದೆ, ಅದರಾಚೆ ಜೀವ. ಮೊಳೆ ಆ ಗೆರೆಯ ಹೊರಗೇ ಹೋಗಿ ಗೋಡೆಯಿಂದ ಈಚೆಗೆ ಬರಬೇಕು. ಗಟ್ಟಿ ಗೋಡೆಯಲ್ಲಿ ಹೋಗುವ ಮೊಳೆಗೆ ಟಣ್ ಟಣ್ ಎಂಬ ಬಿಗಿ ಸದ್ದಿರುತ್ತದೆ. ಒಳಕ್ಕೆ ತಿರುಗಿತೋ, ಸದ್ದು ಮಂಕಾಗುತ್ತದೆ. "ಕಣ್ಣು ಮುಚ್ಚಿ ಹೊಡಿ ಮಗಾ, ಕಿವಿ ತೆರೆದಿಟ್ಕೋ" ಅನ್ನುತ್ತಿದ್ದರು. ಮೊಳೆ ಚುಚ್ಚಲೇಬೇಕು ಅಂತಿಲ್ಲ. ಜೀವದ ಪಕ್ಕದಲ್ಲಿ ಒತ್ತಿಕೊಂಡು ಕೂತರೂ ಸಾಕು, ಎರಡು ಮೂರು ದಿನ ಬಿಟ್ಟು ಕುದುರೆ ಕುಂಟುತ್ತದೆ.

ನಾನು ಮಾಡಿದ ತಪ್ಪು ಮೊಳೆಯದ್ದಲ್ಲ.

ಕೆಲಸ ಶುರು ಮಾಡಿ ಒಂಬತ್ತನೇ ವರ್ಷ. ನಾಲ್ಕು ವರ್ಷದ ಗಂಡು ಕುದುರೆ, ಕಂದು ಬಣ್ಣ, ಹಣೆ ಮೇಲೆ ಬಿಳಿ ಬೊಟ್ಟು. ಮೂರು ದಿನಕ್ಕೆ ಓಟ. ಓಟಕ್ಕೆ ಮುಂಚೆ ಅಲ್ಯುಮಿನಿಯಂ ಲಾಳ ಹಾಕುವುದು ರೂಢಿ, ಕಬ್ಬಿಣಕ್ಕಿಂತ ಎಷ್ಟೋ ಹಗುರ. ಎಡ ಮುಂಗಾಲು ಎತ್ತಿದೆ. ಗೊರಸಿನ ಮೇಲಿನ ಗೆಣ್ಣು ಮಡಚಿದಾಗ ಅವನು ಕಾಲು ಕಿತ್ತುಕೊಂಡ. ಮತ್ತೆ ಎತ್ತಿದೆ, ಮತ್ತೆ ಕಿತ್ತುಕೊಂಡ. ಗೆಣ್ಣಿಗೆ ಅಂಗೈ ಇಟ್ಟರೆ ಬಲಗಾಲಿಗಿಂತ ಬೆಚ್ಚಗಿತ್ತು. ಗೆಣ್ಣಿನ ಹಿಂದೆ ಪಕ್ಕಕ್ಕೆ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಅದನ್ನು ಹುಡುಕಬೇಕು. ಅವನಲ್ಲಿ ಅದು ತಾನಾಗೇ ಬೆರಳಿಗೆ ಬಡಿಯುತ್ತಿತ್ತು.

ಟ್ರೈನರ್‌ಗೆ ಹೇಳಿದೆ: "ಸಾರ್, ಕಾಲು ಬಿಸಿ ಇದೆ." ಅವರು ಬಂದು ನೋಡಿದರು. "ಬೆಳಿಗ್ಗೆ ಕೆಲಸ ಮಾಡಿ ಬಂದಿದ್ದಾನಪ್ಪ, ಬಿಸಿ ಇರದೆ ಇನ್ನೇನು? ನೀನು ಲಾಳ ಹೊಡಿ" ಎಂದರು. ನಾನು ಹೊಡೆದೆ. ಸದ್ದು ಚೆನ್ನಾಗಿಯೇ ಇತ್ತು.

ಓಟದ ದಿನ ಕೊನೇ ತಿರುವು ದಾಟಿ ನೇರಕ್ಕೆ ಬಂದ ಮೇಲೆ ಅವನ ತಲೆ ಒಮ್ಮೆ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು, ಆಮೇಲೆ ಮೂರು ಕಾಲಿನಲ್ಲಿ ನಿಂತ. ಜಾಕಿ ಇಳಿದು ಲಗಾಮು ಹಿಡಿದುಕೊಂಡಿದ್ದ. ಎಡ ಮುಂಗಾಲು ಗೆಣ್ಣಿನ ಮೇಲೆ ತೂಗಾಡುತ್ತಿತ್ತು. ಅವನು ಕಿರುಚಲಿಲ್ಲ. ಕುದುರೆ ನೋವಿಗೆ ಕಿರುಚುವುದಿಲ್ಲ. ಹುಲ್ಲು ಮೇಯುವ ಪ್ರಾಣಿ, ನೋವು ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲವಿಲ್ಲ. ಸುತ್ತ ಪರದೆ ಹಿಡಿದರು. ಸೈಸ್ ಬರೀ ಕಡಿವಾಣ ಹಿಡಿದುಕೊಂಡು ವಾಪಸ್ ಬಂದ.

"ಕಾಲು ಮುರಿದರೆ ಕಟ್ಟು ಹಾಕಬಾರದಾ, ಕೊಲ್ಲಬೇಕಾ?" ಎಂದು ಬಹಳ ಜನ ಕೇಳುತ್ತಾರೆ. ಮೊಣಕಾಲಿನ ಕೆಳಗೆ ಕುದುರೆಗೆ ಮಾಂಸಖಂಡವಿಲ್ಲ. ಮೂಳೆ, ಅದನ್ನು ಕಟ್ಟಿ ಹಿಡಿದ ಹುರಿಯಂಥ ನರ, ಚರ್ಮ ಅಷ್ಟೇ. ರಕ್ತದ ಓಡಾಟ ಕಮ್ಮಿ. 450, 500 ಕೆ.ಜಿ. ತೂಕದ ಪ್ರಾಣಿ ತಿಂಗಳುಗಟ್ಟಲೆ ಮಲಗಿರಲಾರದು, ನಿಂತರೆ ಭಾರವೆಲ್ಲ ಒಳ್ಳೆಯ ಕಾಲಿನ ಮೇಲೆ. ಆ ಕಾಲಿನ ಗೊರಸಿನೊಳಗೆ ಗೋಡೆಯನ್ನೂ ಮೂಳೆಯನ್ನೂ ಹಿಡಿದಿಟ್ಟ ಪದರಗಳೇ ಬಾತು ಬಿಟ್ಟುಕೊಳ್ಳುತ್ತವೆ. ಅಮೆರಿಕದಲ್ಲಿ ಬಾರ್ಬಾರೊ ಎಂಬ ಕುದುರೆ 2006ರಲ್ಲಿ ಕೆಂಟಕಿ ಡರ್ಬಿ ಗೆದ್ದು ಎರಡು ವಾರಕ್ಕೆ ಕಾಲು ಮುರಿದುಕೊಂಡಿತು. ಹಣಕ್ಕೆ, ವೈದ್ಯರಿಗೆ ಯಾವ ಕೊರತೆಯೂ ಇರಲಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತಾ ಬಂತು, ಉಳಿದ ಗೊರಸುಗಳು ಕೈಕೊಟ್ಟವು. 2007ರ ಜನವರಿಯಲ್ಲಿ ಅದಕ್ಕೆ ಮುಕ್ತಿ ಕೊಡಬೇಕಾಯಿತು.

ನನ್ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. "ಆಗುತ್ತೆ, ಆಕ್ಸಿಡೆಂಟು" ಎಂದರು. ಆಮೇಲೆ ಒಬ್ಬ ಪಶುವೈದ್ಯರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ನಾಗಾಲೋಟದಲ್ಲಿ ಒಂದು ಕ್ಷಣ ಇಡೀ ಮೈಯ ಎರಡೂವರೆ ಪಟ್ಟು ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಮೂಳೆ ಅದಕ್ಕೆ ಹೊಂದಿಕೊಳ್ಳುತ್ತದೆ, ಸಮಯ ಕೊಟ್ಟರೆ. ಕೊಡದಿದ್ದರೆ ಕೂದಲೆಳೆಯಂಥ ಬಿರುಕು ಬಿದ್ದು, ವಾಸಿಯಾಗುವ ಮೊದಲೇ ಇನ್ನೊಂದು ಬೀಳುತ್ತದೆ. ಓಟದಲ್ಲಿ ಪೂರ್ತಿ ಮುರಿಯುವ ಕಾಲುಗಳನ್ನು ಕೊಯ್ದು ನೋಡಿದ ಕ್ಯಾಲಿಫೋರ್ನಿಯಾದ ಸಂಶೋಧಕರು ಹೇಳುವುದು ಇದನ್ನೇ: ಬಹಳಷ್ಟರಲ್ಲಿ ಹಳೇ ಗಾಯ ಅದೇ ಜಾಗದಲ್ಲಿ ಮೊದಲೇ ಇರುತ್ತದೆ. ಅಂದರೆ ಎಷ್ಟೋ ಸಲ ಅದು ಆಕ್ಸಿಡೆಂಟ್ ಅಲ್ಲ. ಯಾರದೋ ಅಂಗೈಗೆ ಬಿಸಿ ತಾಗಿರುತ್ತದೆ. ಅವತ್ತು ಆ ಅಂಗೈ ನನ್ನದಾಗಿತ್ತು. ಅಪ್ಪ ಹೇಳಿದ್ದ ಮಾತು ಅವತ್ತು ತಲೆಗೆ ಹೋಯಿತು.

ಓಟದ ದಿನ ಪಶುವೈದ್ಯರು ಕುದುರೆ ನೋಡುತ್ತಾರೆ, ನಿಜ. ಅವರಿಗೆ ಸಿಗುವುದು ಕೆಲವೇ ನಿಮಿಷ. ದಿನಾ ಕಾಲು ತೊಳೆಯುವವನು ಸೈಸ್. ನಸುಕಿನಲ್ಲಿ ಬೆನ್ನ ಮೇಲೆ ಕೂತು ಹೆಜ್ಜೆಯ ವ್ಯತ್ಯಾಸ ಮೊದಲು ಅರಿಯುವವನು ರೈಡಿಂಗ್ ಬಾಯ್. ಮೂರು ನಾಲ್ಕು ವಾರಕ್ಕೊಮ್ಮೆ ಗೊರಸು ಓದುವವನು ನಾನು. ಕುದುರೆಯ ನೋವು ಮೊದಲು ಗೊತ್ತಾಗುವುದು ಅತಿ ಕಡಿಮೆ ಸಂಬಳದ ಈ ಮೂವರಿಗೆ. "ಇವತ್ತು ಬೇಡ" ಅನ್ನುವ ಧೈರ್ಯ ಇಲ್ಲದವರೂ ನಾವೇ. ಕುದುರೆ ಪಂದ್ಯದ ಧರ್ಮಾಧರ್ಮದ ಬಗ್ಗೆ ಯಾರು ಎಷ್ಟೇ ಮಾತಾಡಲಿ, ನನ್ನ ಪಾಲಿಗೆ ಅದರ ಗಂಟು ಇರುವುದು ಇಲ್ಲಿ.

ಹಾಗಾಗಿ ನಾನು ಒಂದು ನೋಟ್ ಬುಕ್ ಇಟ್ಟೆ. ದಿನಸಿ ಅಂಗಡಿಯಲ್ಲಿ ಬಾಕಿ ಬರೆಯುವಂಥ ಉದ್ದ ಪುಸ್ತಕ. ಪ್ರತಿ ಕುದುರೆಗೆ ಒಂದು ಹಾಳೆ. ನಾಲ್ಕು ಕಾಲಿಗೆ ನಾಲ್ಕು ಮನೆ. ಬಿಸಿ ಇದೆಯೋ, ನಾಡಿ ಹೇಗಿದೆ, ಕಾಲು ಕೊಡುವಾಗ ಏನು ಮಾಡಿತು, ಹೊಸ ಏಣು ಬಂದಿದೆಯೋ. ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಕುದುರೆಯನ್ನು ಗಟ್ಟಿ ನೆಲದ ಮೇಲೆ ಇಪ್ಪತ್ತು ಹೆಜ್ಜೆ ನಡೆಸಿ, ಬಿಗಿಯಾಗಿ ಎರಡೂ ಕಡೆ ತಿರುಗಿಸಲು ಹೇಳುತ್ತೇನೆ. ಮುಂಗಾಲಿನಲ್ಲಿ ನೋವಿದ್ದರೆ ಆ ಕಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೇ ಕಾಲು ಊರಿದಾಗ ಕೆಳಗಿಳಿಯುತ್ತದೆ. ಕಣ್ಣಿಗೆ ಕಾಣದ್ದು ಕೆಲವೊಮ್ಮೆ ಕಿವಿಗೆ ಕೇಳುತ್ತದೆ. ನಾಲ್ಕು ಹೆಜ್ಜೆಯ ಸದ್ದು ಒಂದೇ ಸಮ ಇರಬೇಕು.

ಇದೆಲ್ಲ ಸುಲಭ. ಕಷ್ಟ ಇದ್ದದ್ದು "ಆಗಲ್ಲ" ಅನ್ನುವುದರಲ್ಲಿ. ಮೊದಮೊದಲು ನೇರವಾಗಿ "ನಾನು ಹೊಡೆಯಲ್ಲ ಸಾರ್" ಎಂದುಬಿಡುತ್ತಿದ್ದೆ. ಅದು ಜಗಳಕ್ಕೆ ಹೋಗುತ್ತಿತ್ತು. ನಾನು ಹೋದರೆ ಇನ್ನೊಬ್ಬ ಬಂದು ಹೊಡೆದು ಹೋಗುತ್ತಿದ್ದ; ಕುದುರೆಗೇನೂ ಉಪಕಾರವಾಗಲಿಲ್ಲ. ಆಮೇಲೆ ದಾರಿ ಬದಲಿಸಿದೆ. ನೋಟ್ ಬುಕ್ ಮುಂದೆ ಹಿಡಿದು, "ಸಾರ್, ಹೋದ ಸಲ ಹೀಗಿತ್ತು, ಇವತ್ತು ಹೀಗಿದೆ. ಡಾಕ್ಟರು ನೋಡಿ ಪರವಾಗಿಲ್ಲ ಅಂತ ಇಲ್ಲೇ ಒಂದು ಗೆರೆ ಬರೆದುಕೊಟ್ಟರೆ ಈಗಲೇ ಹೊಡೀತೀನಿ" ಎನ್ನತೊಡಗಿದೆ. ಬಾಯಿಮಾತಿನಲ್ಲಿ "ಪರವಾಗಿಲ್ಲ" ಅನ್ನುವುದು ಸಲೀಸು. ಬರೆದು ಸಹಿ ಹಾಕುವಾಗ ಯಾರಾದರೂ ಇನ್ನೊಮ್ಮೆ ಕಾಲು ಮುಟ್ಟಿ ನೋಡುತ್ತಾರೆ. ಎಷ್ಟೋ ಸಲ ಎಕ್ಸ್-ರೇ ತೆಗೆದಿದ್ದಾರೆ. ಎರಡು ಲಾಯಗಳ ಕೆಲಸ ಆ ವರ್ಷವೇ ಕೈತಪ್ಪಿತು, ಮನೆಯಲ್ಲಿ ಕಷ್ಟವಾಯಿತು. ಒಂದು ಲಾಯದವರು ಮೂರು ವರ್ಷದ ನಂತರ ತಾವಾಗಿ ಕರೆದರು.

ಗೊರಸಿನ ಆಕಾರದ ಬಗ್ಗೆಯೂ ಹಟ ಹಿಡಿದೆ. ಮುಂಭಾಗ ಉದ್ದ ಬಿಟ್ಟರೆ ಹೆಜ್ಜೆ ದೊಡ್ಡದಾಗುತ್ತದೆ ಎಂಬ ನಂಬಿಕೆ ರೇಸಿನವರಲ್ಲಿ ಹಳೆಯದು. ಮುಂಭಾಗ ಉದ್ದವಾದಷ್ಟೂ ಹಿಮ್ಮಡಿ ಕುಸಿಯುತ್ತದೆ, ಹಿಮ್ಮಡಿ ಕುಸಿದಷ್ಟೂ ಕಾಲಿನ ಹಿಂದಿನ ನರ ಜಗ್ಗುತ್ತದೆ. ಲಾಳದ ಮುಂತುದಿಗೆ ಹಿಡಿತಕ್ಕೆಂದು ಏಣು ಇಡುವುದೂ ಹಾಗೇ. ಅಮೆರಿಕದಲ್ಲಿ 1990ರ ದಶಕದಲ್ಲೇ ಅದಕ್ಕೂ ಮುಂಗಾಲಿನ ದೊಡ್ಡ ಗಾಯಗಳಿಗೂ ನಂಟು ಕಂಡಿದ್ದರು. ನಾನು ಅಂಥ ಲಾಳ ಮುಂಗಾಲಿಗೆ ಹೊಡೆಯುವುದಿಲ್ಲ.

ಹೊರಗಿನವರು ಕುದುರೆ ಹಿಂಸೆ ಎಂದರೆ ಮೊದಲು ಚಾವಟಿಯ ಮಾತೆತ್ತುತ್ತಾರೆ, ಟಿವಿಯಲ್ಲಿ ಕಾಣುವುದು ಅದೇ ತಾನೆ. ಅವರ ಮಾತು ಸುಳ್ಳಲ್ಲ. ಕುದುರೆಯ ಚರ್ಮ ದಪ್ಪ, ಅದಕ್ಕೇನೂ ಆಗಲ್ಲ ಎಂದು ನನಗೂ ಹೇಳಿಕೊಟ್ಟಿದ್ದರು. ಒಂದು ನೊಣ ಕೂತರೆ ಅದೇ ಜಾಗದ ಚರ್ಮವನ್ನು ಅದುರಿಸುವ ಪ್ರಾಣಿಗೆ ಪೆಟ್ಟು ತಿಳಿಯಲ್ಲವೆಂದರೆ ಹೇಗೆ ನಂಬುವುದು? ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಮನುಷ್ಯರ ಮತ್ತು ಕುದುರೆಯ ಚರ್ಮ ಹೋಲಿಸಿ ನೋಡಿ, ನೋವು ತಿಳಿಯುವ ಹೊರಪದರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರು. ಅಲ್ಲಿಯವರೇ 2011ರಲ್ಲಿ ಇನ್ನೊಂದು ಲೆಕ್ಕ ಹಾಕಿದ್ದರು: ಕೊನೆಯ 400 ಮೀಟರಿನಲ್ಲಿ, ದಣಿದ ಕುದುರೆಗೆ ಹೊಡೆದದ್ದರಿಂದ ವೇಗ ಹೆಚ್ಚಿದ್ದು ಕಾಣಲಿಲ್ಲ. ನಾರ್ವೆಯವರು 1982ರಲ್ಲೇ ಓಟ ಗೆಲ್ಲಲು ಹೊಡೆಯುವುದನ್ನು ನಿಲ್ಲಿಸಿದರು. ಅಲ್ಲಿ ಇವತ್ತಿಗೂ ಕುದುರೆಗಳು ಓಡುತ್ತಿವೆ. ಬ್ರಿಟನ್ನಿನಲ್ಲಿ 2023ರಿಂದ ಬಯಲಿನ ಓಟಕ್ಕೆ ಆರು ಏಟು, ಜಿಗಿತದ ಓಟಕ್ಕೆ ಏಳು ಎಂದು ಮಿತಿ ಹಾಕಿದ್ದಾರೆ, ಬಹಳ ಮೀರಿದರೆ ಗೆದ್ದ ಓಟವೇ ಹೋಗುತ್ತದೆ. ಪ್ರಯೋಜನವಿಲ್ಲದ ಪೆಟ್ಟಿಗೆ ಲೆಕ್ಕ ಯಾಕೆ ಬೇಕು, ಒಂದೂ ಬೇಡ ಎಂಬುದು ನನ್ನ ಮಾತು.

ಆದರೆ ಓಟ ಇರುವುದು ಒಂದೂವರೆ, ಎರಡು ನಿಮಿಷ. ಉಳಿದ ಹೊತ್ತು? ಬಯಲಿನಲ್ಲಿ ಬಿಟ್ಟರೆ ಕುದುರೆ ದಿನಕ್ಕೆ ಹದಿನಾರು ಗಂಟೆಯವರೆಗೂ ನಡೆಯುತ್ತಾ ಮೇಯುತ್ತಿರುತ್ತದೆ. ಅದರ ಹೊಟ್ಟೆ ಮೈಗೆ ಹೋಲಿಸಿದರೆ ಚಿಕ್ಕದು, ಮೇವಿರಲಿ ಬಿಡಲಿ ಆಮ್ಲ ಊರುತ್ತಲೇ ಇರುತ್ತದೆ. ಲಾಯದಲ್ಲಿ ಇಪ್ಪತ್ತೆರಡು ಗಂಟೆ ಗೋಡೆ ನೋಡಿಕೊಂಡು ನಿಂತು, ಹೊತ್ತೊತ್ತಿಗೆ ಓಟ್ಸು, ಹುರುಳಿ, ಬೂಸಾ ತಿಂದು, ನಡುವೆ ಖಾಲಿ ಇದ್ದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ರೇಸಿನ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಬಾಗಿಲಿನ ಮರ ಕಚ್ಚಿ ಗಾಳಿ ನುಂಗುವುದು, ನಿಂತಲ್ಲೇ ಎಡಕ್ಕೂ ಬಲಕ್ಕೂ ತೂಗುವುದು, ಇವನ್ನು ಕೆಟ್ಟ ಚಟ ಎನ್ನುತ್ತಾರೆ. ತೂಗುವ ಕುದುರೆಯ ಲಾಳ ಒಂದೇ ಕಡೆ ಸವೆದಿರುತ್ತದೆ. ಆ ಸವೆತವನ್ನು ನೋಡಿದಾಗಲೆಲ್ಲ ನನಗೆ ಚಾವಟಿಗಿಂತ ಹೆಚ್ಚು ಸಂಕಟವಾಗುತ್ತದೆ. ಇದಕ್ಕೆ ದೊಡ್ಡ ಖರ್ಚಿನ ಪರಿಹಾರ ಬೇಕಾಗಿಲ್ಲ. ಹುಲ್ಲು ಸದಾ ಮುಂದಿರಲಿ, ಪಕ್ಕದ ಕುದುರೆಯ ಮುಖ ಕಾಣುವ ಹಾಗೆ ಕಿಟಕಿ ಇರಲಿ, ದಿನಕ್ಕೆ ಒಂದು ಗಂಟೆಯಾದರೂ ಬೆನ್ನ ಮೇಲೆ ಯಾರೂ ಇಲ್ಲದೆ ಹೊರಗೆ ಬಿಡಲಿ. ನನ್ನ ಮಾತು ಕೇಳಿ ಒಂದು ಸವಾರಿ ಶಾಲೆಯವರು ಹೀಗೆ ಮಾಡಿದರು. ಆರು ತಿಂಗಳಲ್ಲಿ ಅಲ್ಲಿನ ಎರಡು ಕುದುರೆಗಳ ಲಾಳ ಸಮವಾಗಿ ಸವೆಯತೊಡಗಿತು.

ಕಾನೂನಿನ ಮಾತನ್ನೂ ಹೇಳಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಗಾಡಿ ಎಳೆಯುವ ಪ್ರಾಣಿಗಳ 1965ರ ನಿಯಮಗಳ ಪ್ರಕಾರ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸುವಂತಿಲ್ಲ. ಮುಳ್ಳಿನ ಕಡಿವಾಣ ಹಾಕುವಂತಿಲ್ಲ. ಟಾಂಗಾದವರಿಗೆ ಇದನ್ನು ನಾನೇ ಬಾಯಿಪಾಠ ಮಾಡಿಸಿದ್ದೇನೆ, ಅವರಲ್ಲಿ ಹೆಚ್ಚಿನವರು ಕುದುರೆಯನ್ನು ಮಗುವಿನ ಹಾಗೆ ನೋಡಿಕೊಳ್ಳುವವರೇ. ಇನ್ನು ಸುಪ್ರೀಂ ಕೋರ್ಟು 1996ರಲ್ಲಿ ಕುದುರೆ ಪಂದ್ಯ ಬರೀ ಅದೃಷ್ಟದ ಜೂಜಲ್ಲ, ಜಾಣ್ಮೆಯ ಆಟ ಎಂದು ತೀರ್ಪು ಕೊಟ್ಟಿತು. ಅದು ದುಡ್ಡು ಕಟ್ಟುವ ಮನುಷ್ಯನ ಪ್ರಶ್ನೆ. ಪ್ರಾಣಿಯ ಪ್ರಶ್ನೆ ಬಂದಿದ್ದು 2014ರಲ್ಲಿ, ಜಲ್ಲಿಕಟ್ಟಿನ ಪ್ರಕರಣದಲ್ಲಿ. ಹಸಿವು ಬಾಯಾರಿಕೆ ಇಲ್ಲದಿರುವುದು, ಇರುವ ಜಾಗ ಹಿತವಾಗಿರುವುದು, ನೋವು ರೋಗ ಇಲ್ಲದಿರುವುದು, ಭಯವಿಲ್ಲದಿರುವುದು, ತನ್ನ ಜಾತಿಗೆ ಸಹಜವಾದ ಹಾಗೆ ಬದುಕುವುದು, ಈ ಐದು ಬಿಡುಗಡೆಗಳು ಪ್ರಾಣಿಗಳಿಗೂ ಸಲ್ಲಬೇಕು ಎಂದು ಕೋರ್ಟು ಅವತ್ತು ಎತ್ತಿ ಹೇಳಿತು. ಆಮೇಲೆ ಜಲ್ಲಿಕಟ್ಟು, ಕಂಬಳಗಳಿಗೆ ರಾಜ್ಯಗಳು ತಿದ್ದುಪಡಿ ತಂದವು, 2023ರಲ್ಲಿ ಅವೂ ಊರ್ಜಿತವಾದವು. ಆದರೂ ಆ ಐದು ಮಾತು ನನ್ನ ನೋಟ್ ಬುಕ್ಕಿನ ಮೊದಲ ಹಾಳೆಯಲ್ಲಿವೆ. ಒಳ್ಳೆಯ ಲಾಯಗಳು ಮೊದಲ ಮೂರರಲ್ಲಿ ಪಾಸಾಗುತ್ತವೆ. ಐದನೆಯದರಲ್ಲಿ ಪಾಸಾದ ಲಾಯ ನಾನು ಕಂಡದ್ದು ಬಹಳ ಕಮ್ಮಿ.

ಎಣಿಕೆಯೂ ಬೇಕು. ಅಮೆರಿಕದವರು 2009ರಿಂದ ಓಟದಲ್ಲಾಗುವ ಸಾವುಗಳನ್ನು ಲೆಕ್ಕವಿಟ್ಟು ಪ್ರಕಟಿಸುತ್ತಾರೆ. ಆ ವರ್ಷ ಕುದುರೆ ಓಟಕ್ಕಿಳಿದ ಪ್ರತಿ ಸಾವಿರ ಸಲಕ್ಕೆ 2.00 ಸಾವು ಇದ್ದದ್ದು 2023ರಲ್ಲಿ 1.32ಕ್ಕೆ ಇಳಿದಿದೆ. ಆ ಅಂತರ ಕುದುರೆಗಳ ಪ್ರಾಣ. ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್‌ನಲ್ಲಿ 2020ರಲ್ಲಿ ಆಂತೊನಿ ವ್ಯಾನ್ ಡೈಕ್ ಎಂಬ ಕುದುರೆ ಸತ್ತ ಮೇಲೆ, ಹೊರದೇಶದಿಂದ ಬರುವ ಕುದುರೆಗಳ ಕಾಲನ್ನು ಸ್ಕ್ಯಾನ್ ಮಾಡದೆ ಓಡಿಸುವುದಿಲ್ಲ ಎಂಬ ನಿಯಮ ಬಂತು. ನಮ್ಮಲ್ಲೂ ಪ್ರತಿ ಸೀಸನ್ ಮುಗಿದ ಕೂಡಲೇ ಎಷ್ಟು ಓಡಿದವು, ಎಷ್ಟು ಗಾಯಗೊಂಡವು, ಎಷ್ಟು ಸತ್ತವು, ಓಟ ಬಿಟ್ಟವು ಎಲ್ಲಿಗೆ ಹೋದವು ಎಂದು ಊರಿಗೆ ಗೊತ್ತಾಗುವ ಹಾಗೆ ಹೇಳಲಿ.

ಎಲ್ಲಿಗೆ ಹೋದವು ಎಂಬುದು ದೊಡ್ಡ ಮಾತು. ಏಪ್ರಿಲಿನಲ್ಲಿ ಹುಟ್ಟಿದ ಮರಿಗೂ ರೇಸಿನ ಲೆಕ್ಕದಲ್ಲಿ ಜನವರಿ 1ಕ್ಕೇ ವರ್ಷ ತುಂಬುತ್ತದೆ. ಎರಡಕ್ಕೆ ಓಟಕ್ಕೆ ಇಳಿಸುತ್ತಾರೆ, ಆರು ಏಳಕ್ಕೆ ಬಹಳಷ್ಟರ ಓಟ ಮುಗಿಯುತ್ತದೆ. ಕುದುರೆ ಬದುಕುವುದು ಇಪ್ಪತ್ತೈದು, ಮೂವತ್ತು ವರ್ಷ. ಉಳಿದ ಇಪ್ಪತ್ತು ವರ್ಷ ಯಾರ ಜವಾಬ್ದಾರಿ? ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಟಿವಿಯವರು ಕಸಾಯಿಖಾನೆಯೊಳಗಿನ ರೇಸ್ ಕುದುರೆಗಳನ್ನು ತೋರಿಸಿದಾಗ ಇಡೀ ದೇಶ ತಲೆ ತಗ್ಗಿಸಿತು. ಇಲ್ಲಿ ಕೆಲವು ಸವಾರಿ ಶಾಲೆಗೆ ಹೋಗುತ್ತವೆ, ಕೆಲವು ಮದುವೆ ಮೆರವಣಿಗೆಗೆ. ಕೆಲವಕ್ಕೆ ನಾನು ಮತ್ತೆಂದೂ ಲಾಳ ಹೊಡೆದಿಲ್ಲ.

ಗೌರಿ ನನಗೆ ಸಿಕ್ಕಿದ್ದು ಹೀಗೆ ಕೈಬಿಡುವ ಹೊತ್ತಿನಲ್ಲಿ. ಏಳು ವರ್ಷದ ಹೆಣ್ಣು ಕುದುರೆ, ಕಾಲಿನ ನರ ಬಾತು ಓಟ ನಿಂತಿತ್ತು. "ಯಾರಾದರೂ ಬೇಕಾದರೆ ಹೊಡ್ಕೊಂಡು ಹೋಗಲಿ" ಎಂದಿದ್ದರು. ನಾನು ಊರಿಗೆ ಕರೆದುಕೊಂಡು ಹೋದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ನಿಮ್ಮಪ್ಪ ಇದ್ದಿದ್ರೆ ಇದ್ರ ಕಾಲ್ನೇ ಮೊದ್ಲು ನೋಡೋರು" ಎಂದರು. ಗೌರಿ ಎಂದು ಕರೆದವರೂ ಅವರೇ.

ಮುಂಗಾಲುಗಳಲ್ಲಿ ಏಣಿನ ಮೇಲೆ ಏಣು. ಮೊಳೆಯ ತೂತುಗಳಿಂದ ಗೋಡೆ ಚೂರುಚೂರು ಉದುರುತ್ತಿತ್ತು, ಹಿಮ್ಮಡಿ ಕುಸಿದಿತ್ತು, ಅಂಗಾಲು ಹೆಬ್ಬೆರಳಿನಲ್ಲಿ ಒತ್ತಿದರೆ ಬಾಗುವಷ್ಟು ತೆಳು. ನಾನು ಲಾಳ ಕಿತ್ತು ಮತ್ತೆ ಹೊಡೆಯಲಿಲ್ಲ. ಮೊದಲ ಒಂದು ತಿಂಗಳು ಮೆತ್ತನೆ ಮಣ್ಣಿನಲ್ಲಿ ಮಾತ್ರ ನಡೆಸಿದೆ. ಕಲ್ಲಿನ ದಾರಿ ದಾಟಬೇಕಾದಾಗ ಹಳೇ ಟ್ಯೂಬ್ ರಬ್ಬರಿನ ಮೇಲೆ ಗೋಣಿ ಸುತ್ತಿ ಗೊರಸಿಗೆ ಕಟ್ಟುತ್ತಿದ್ದೆ. ನಾಲ್ಕು ವಾರಕ್ಕೊಮ್ಮೆ ಅರ ಹಿಡಿದು ಮುಂಭಾಗವನ್ನು ಸ್ವಲ್ಪ ಸ್ವಲ್ಪ ಹಿಂದಕ್ಕೆ ತಂದೆ. ಒಂದೇ ಸಲ ಕತ್ತರಿಸಿ ನೇರ ಮಾಡುವ ಆಸೆ ಬರುತ್ತದೆ, ಹಾಗೆ ಮಾಡಿದರೆ ಕುದುರೆ ನಿಲ್ಲಲಾರದು. ಎರಡನೇ ತಿಂಗಳಿಗೆ ಕೂದಲಂಚಿನ ಕೆಳಗೆ ಹೊಸ ಗೋಡೆ ಬೇರೆಯೇ ಓರೆಯಲ್ಲಿ, ನುಣುಪಾಗಿ ಇಳಿಯತೊಡಗಿದ್ದು ಕಂಡಿತು.

ಗೊರಸಿಗಿಂತ ಅವಳ ಮನಸ್ಸು ನಿಧಾನ. ಬಯಲಿಗೆ ಬಿಟ್ಟರೆ ಮೇಯಲು ಬಾರದೆ ಬೇಲಿಯ ಮೂಲೆಯಲ್ಲಿ ನಿಲ್ಲುತ್ತಿದ್ದಳು. ನಸುಕಿನ ನಾಲ್ಕಕ್ಕೆ ನೆಲ ಕೆರೆಯುತ್ತಿದ್ದಳು, ಅದು ಟ್ರ್ಯಾಕಿಗೆ ಹೊರಡುವ ಹೊತ್ತು. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಭಯವಿದ್ದ ಕಡೆ ಮಲಗುವುದಿಲ್ಲ. ಬಂದ ಹನ್ನೊಂದನೇ ದಿನ ಬೆಳಿಗ್ಗೆ ಅವಳ ಬಲಮಗ್ಗುಲಿಗೆಲ್ಲ ಮಣ್ಣು ಮೆತ್ತಿತ್ತು. ಅವ್ವ ನನಗೆ ಫೋನ್ ಮಾಡಿ ಹೇಳಿದ್ದು ಅದನ್ನೇ.

ಮೇವಿನಲ್ಲಿ ಎರಡು ವಾರದಲ್ಲಿ ಕಾಳು ಇಳಿಸಿ, ದಿನಕ್ಕೆ ಒಂಬತ್ತು ಹತ್ತು ಕೆ.ಜಿ. ಒಣಹುಲ್ಲಿನ ಲೆಕ್ಕಕ್ಕೆ ತಂದೆ. ರಾಗಿ ಹುಲ್ಲು, ಬದುವಿನ ಹುಲ್ಲು, ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಒಂದಷ್ಟು, ಉಪ್ಪಿನ ಗಡ್ಡೆ. ನಮ್ಮ ಕಡೆ ಪ್ರೀತಿ ಎಂದರೆ ಕಬ್ಬು. ಬಂದವರೆಲ್ಲ ಒಂದು ಗಿಣ್ಣು ಕೊಡುವವರೇ. ಬೇಡ ಎಂದು ಬೋರ್ಡ್ ಬರೆದು ಹಾಕಬೇಕಾಯಿತು. ಸಿಹಿ ಹೆಚ್ಚಾದರೆ ಅದು ನೇರ ಗೊರಸಿನ ಒಳಪದರಕ್ಕೆ ಬರುತ್ತದೆ. ಇಷ್ಟು ತಿಳಿದ ನಾನೇ ಮೂರನೇ ತಿಂಗಳು, ಮಳೆ ಬಿದ್ದು ಎಳೇ ಹುಲ್ಲು ಚಿಗುರಿದಾಗ, ಇಡೀ ದಿನ ಬಿಟ್ಟುಬಿಟ್ಟೆ. ಸಂಜೆ ಬೆರಳಿಟ್ಟರೆ ಎರಡೂ ಮುಂಗಾಲಿನಲ್ಲಿ ನಾಡಿ ಬಡಿಯುತ್ತಿತ್ತು. ಪಶುವೈದ್ಯರಿಗೆ ಫೋನ್ ಮಾಡಿ, ಅವರು ಬರುವ ತನಕ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಿರುಗಾಲುವೆಯಲ್ಲಿ ಅವಳ ಜೊತೆ ಮೊಣಕಾಲುದ್ದ ನೀರಲ್ಲಿ ನಿಂತೆ. ಐಸ್ ಇದ್ದರೆ ಇನ್ನೂ ಒಳ್ಳೆಯದು. ಇದ್ದದ್ದು ನಾಲೆ ನೀರು. ಅವಳು ಮೂಗನ್ನು ನನ್ನ ಹೆಗಲ ಮೇಲೆ ಇಟ್ಟು ನಿಂತಿದ್ದಳು. ಕತ್ತಲಾದ ಮೇಲೆ ಡಾಕ್ಟರು ಬಂದರು. ನಾಲ್ಕು ದಿನಕ್ಕೆ ನಾಡಿ ಇಳಿಯಿತು. ಆ ದಿನದ ಏಣು ಅವಳ ಗೊರಸಿನ ಮೇಲೆ ಬಂತು, ಅದು ನಾನು ಬರೆದದ್ದು.

ಅದು ನೆಲಕ್ಕಿಳಿದು ನನ್ನ ಅರಕ್ಕೆ ಸಿಕ್ಕು ಉದುರಿಹೋಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಕತ್ತರಿಸಿದ ತುಂಡನ್ನು ಪಕ್ಕದ ಮನೆ ನಾಯಿ ಕಚ್ಚಿಕೊಂಡು ಓಡಿತು. ಈಗ ಗೌರಿ ಬರಿಗಾಲಿನಲ್ಲಿ ಕಲ್ಲಿನ ಮೇಲೂ ನಡೆಯುತ್ತಾಳೆ. ಅವಳ ಮೇಲೆ ಯಾರೂ ಸವಾರಿ ಮಾಡುವುದಿಲ್ಲ. ತಿಂಗಳಿಗೆ ಒಂಬತ್ತು ಹತ್ತು ಸಾವಿರ ಖರ್ಚು ಬರುತ್ತದೆ. ನನ್ನಂಥವನು ಒಂದು ಕುದುರೆ ಸಾಕಬಲ್ಲ, ನೂರನ್ನಲ್ಲ. ಗೆದ್ದ ಹಣದಲ್ಲಿ ಓನರಿಗೆ, ಟ್ರೈನರಿಗೆ, ಜಾಕಿಗೆ ಪಾಲಿದೆ. ಓಡಿದ ಕುದುರೆಗೂ ಒಂದು ಪಾಲು ಎತ್ತಿಡಬೇಕು, ಅದು ಆ ಕುದುರೆಯ ಹೆಸರಿನಲ್ಲೇ ಕೊನೇ ತನಕ ಇರಬೇಕು.

ರೇಸೇ ಬೇಡ, ನಿಲ್ಲಿಸಿ ಅನ್ನುವವರಿದ್ದಾರೆ. ಅವರನ್ನು ನಾನು ಶತ್ರುಗಳೆಂದುಕೊಂಡಿಲ್ಲ; ಅವರು ಕೇಳುವ ಪ್ರಶ್ನೆಗಳಿಂದಲೇ ಎಷ್ಟೋ ನಿಯಮ ಬಂದಿವೆ. ಆದರೆ ಓಟ ಇರುವ ತನಕ, ನಾಳೆ ನಸುಕಿನಲ್ಲಿ ಟ್ರ್ಯಾಕಿಗೆ ಹೋಗುವ ಕುದುರೆಗೆ ಇವತ್ತು ರಾತ್ರಿ ಯಾರು ದಿಕ್ಕು ಎಂಬುದು ನನ್ನ ಯೋಚನೆ. ಅದಕ್ಕೇ ಈಗ ಬಿಡುವಿದ್ದಾಗಲೆಲ್ಲ ಸೈಸ್ ಹುಡುಗರನ್ನು ಕೂರಿಸಿಕೊಂಡು ನಾಡಿ ಹಿಡಿಯುವುದನ್ನು ಕಲಿಸುತ್ತೇನೆ. ಕಲಿಯಲು ಹತ್ತು ನಿಮಿಷ ಸಾಕು. ಹೇಳುವ ಧೈರ್ಯ ಬರಲು ಬಹಳ ದಿನ ಬೇಕು.

ಕಳೆದ ಸೀಸನ್ನಿನಲ್ಲಿ ಒಂದು ದಿನ ಬೆಳಗಿನ ಐದಕ್ಕೆ ಫೋನ್ ಬಂತು. ಹತ್ತೊಂಬತ್ತು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಎಂಟು ತಿಂಗಳು.

"ಅಣ್ಣ, ಎಡ ಮುಂಗಾಲು ಬಿಸಿ ಇದೆ. ನಾಡಿ ಹುಡುಕೋದೇ ಬೇಡ, ಬಡೀತಾ ಇದೆ."

"ಟ್ರೈನರ್ ಸಾರ್‌ಗೆ ಹೇಳಿದ್ಯೇನೋ?"

"ಹೇಳ್ದೆ ಅಣ್ಣ. ಮೊದ್ಲು ರೇಗಿದ್ರು. ಆಮೇಲೆ ಅವ್ರೇ ಬಂದು ಕೈಯಿಟ್ಟು ನೋಡಿ, ಜೀನು ಇಳಿಸು ಅಂದ್ರು."

ಅವತ್ತು ಲಾಯಕ್ಕೆ ಹೋದಾಗ ಆ ಕುದುರೆಯ ಹಾಳೆ ತೆಗೆದು, ಎಡ ಮುಂಗಾಲಿನ ಮನೆಯಲ್ಲಿ ಬರೆದೆ: ಬಿಸಿ. ನಾಡಿ ಜೋರು. ಮೊದಲು ನೋಡಿದ್ದು, ಹೇಳಿದ್ದು ಸೈಸ್. ಓಡಲಿಲ್ಲ.